ಕಂಪನಿ ಸೀಮೆಯೂ ಮೊಗಲಾಯಿ ಸೀಮೆಯೂ: ಒಂದು ತುಲನೆ

(ಬಿ.ಎ. ಅಂತಿಮ ವರ್ಷದ ವಿದ್ಯಾರ್ಥಿ)

ನಮ್ಮ ಮುದ್ದೇಬಿಹಾಳ ತಾಲೂಕಿನ ಹಿರಿಯರ ಬಾಯಲ್ಲಿ 'ಮೊಗಲಾಯಿ' ಎಂಬ ಮಾತು ಇನ್ನೂ ಸತ್ತಿಲ್ಲ. ಮೂಡಣದ ಸುರಪುರ, ಹುಣಸಗಿಗಳ ಕಡೆಯಿಂದಾಗಲಿ ಕೃಷ್ಣೆಯಾಚೆಯ ಲಿಂಗಸುಗೂರಿನ ಕಡೆಯಿಂದಾಗಲಿ ಬೀಗತನ ಕೂಡಿ ಬಂದರೆ, 'ಅವರು ಮೊಗಲಾಯಿಯವರು' ಎಂದು ಒಂದು ಮಾತು ಸೇರಿಸದೆ ಅವರಿಗೆ ಸಮಾಧಾನವಿಲ್ಲ. ನಿಜಾಮರ ಆಳ್ವಿಕೆ ಮುಗಿದದ್ದು ೧೯೪೮ರಲ್ಲಿ. ನಮ್ಮ ಜಿಲ್ಲೆ ಮುಂಬಯಿ ರಾಜ್ಯವನ್ನು ಬಿಟ್ಟು ಬಂದದ್ದು ೧೯೫೬ರಲ್ಲಿ. ಆದರೂ ಆ ಮಾತಿನ ಹಿಂದಿರುವ ಹೆಮ್ಮೆ ಹಾಗೆಯೇ ಉಳಿದಿದೆ: ನಾವು ಇಂಗ್ರೇಜಿಯವರ ಕೈಕೆಳಗೆ ಇದ್ದವರು, ಕಾಯಿದೆ ಕಂಡವರು, ಮುಂದುವರಿದವರು, ಅವರು ನವಾಬನ ಕೈಕೆಳಗೆ ಇದ್ದವರು, ಹಿಂದುಳಿದವರು. ಈ ಮಾತು ಮದುವೆಮನೆಯ ಚೇಷ್ಟೆಯಷ್ಟೇ ಆಗಿದ್ದರೆ ಲೇಖನದ ವಿಷಯವಾಗಬೇಕಾಗಿರಲಿಲ್ಲ. ಆದರೆ ಇದೇ ಹಳೆಯ ಗೆರೆಯನ್ನು ಹಿಡಿದು ಇಂದು ಸರಕಾರದ ಹಣ, ಕಾಲೇಜಿನ ಸೀಟು, ನೌಕರಿಗಳ ಹಂಚಿಕೆಯೂ ನಡೆದಿರುವದರಿಂದ, ಆ ಗೆರೆಯ ಈಚೆ-ಆಚೆ ನಿಜವಾಗಿ ನಡೆದುದೇನೆಂಬುದನ್ನು ಅರ್ಥಶಾಸ್ತ್ರದ ವಿದ್ಯಾರ್ಥಿಯಾದವನು ಒಮ್ಮೆಯಾದರೂ ವಿಚಾರಿಸಬೇಕು.

ನೆರೆಹೊರೆಯ ಎರಡು ನಾಡುಗಳನ್ನು ಹೋಲಿಸಿ ನೋಡುವದು ಅರ್ಥಶಾಸ್ತ್ರಜ್ಞರಿಗೆ ಪ್ರಿಯವಾದ ಕೆಲಸ. ಮಣ್ಣು, ಮಳೆ, ಬೆಳೆ ಒಂದೇ ಇದ್ದು ಆಳಿದವರು ಮಾತ್ರ ಬೇರೆಯಾಗಿದ್ದರೆ, ಫಲದಲ್ಲಿ ಕಂಡ ಭೇದಕ್ಕೆ ಆಳ್ವಿಕೆಯೇ ಕಾರಣವೆಂದು ಹೇಳಲು ಸುಲಭವಾಗುತ್ತದೆ. ಪಶ್ಚಿಮ ಆಫ್ರಿಕೆಯ ಘಾನಾ ಮತ್ತು ಐವರಿ ಕೋಸ್ಟ್ ಇದಕ್ಕೆ ಪ್ರಸಿದ್ಧ ಉದಾಹರಣೆ. ಒಂದು ಇಂಗ್ಲಿಷರ ವಸಾಹತು, ಇನ್ನೊಂದು ಫ್ರೆಂಚರದು. ಎರಡರ ಮುಖ್ಯ ಬೆಳೆಯೂ ಕೋಕೋ. ೧೯೫೭ರಲ್ಲಿ ಘಾನಾ ಸ್ವತಂತ್ರವಾದ ಮರುತಿಂಗಳೇ ಅದರ ನಾಯಕ ಎನ್‌ಕ್ರುಮಾ ಮತ್ತು ಐವರಿ ಕೋಸ್ಟಿನ ನಾಯಕ ಊಫುವೇ-ಬ್ವಾನ್ಯಿ, ಹತ್ತು ವರ್ಷಗಳ ಬಳಿಕ ಯಾರ ನಾಡು ಮುಂದಿರುವದೆಂದು ಪಂಥ ಕಟ್ಟಿದರು. ಎನ್‌ಕ್ರುಮಾ ೧೯೬೬ರಲ್ಲಿ ಪದಚ್ಯುತರಾದರು. ಹತ್ತು ವರ್ಷದ ಲೆಕ್ಕದಲ್ಲಿ ಐವರಿ ಕೋಸ್ಟ್ ಗೆದ್ದಿತು. ಆದರೆ ೧೯೮೦ರ ದಶಕದಲ್ಲಿ ಅದರ ಹಣಕಾಸೂ ಕುಸಿಯಿತು, ೨೦೦೨ರಲ್ಲಿ ಅಲ್ಲಿ ಅಂತರ್ಯುದ್ಧವೇ ಹೊತ್ತಿತು. ಆದುದರಿಂದ ನೆರೆಹೊರೆಯ ತುಲನೆ ಬೋಧಪ್ರದವಾದರೂ, ಯಾವ ವರ್ಷ ನಿಂತು ಯಾವ ಅಳತೆಗೋಲಿನಿಂದ ಅಳೆಯುತ್ತೇವೆ ಎಂಬುದರ ಮೇಲೆ ಗೆದ್ದವರ ಹೆಸರು ಬದಲಾಗುತ್ತದೆ.

ಇಂಥ ಜೋಡಿಯನ್ನು ನೋಡಲು ನಾವು ಆಫ್ರಿಕೆಗೆ ಹೋಗಬೇಕಾದುದಿಲ್ಲ. ನಾಲತವಾಡದಿಂದ ನಾರಾಯಣಪುರಕ್ಕೆ ಹೋಗುವ ಬಸ್ಸು ಹತ್ತಿದರೆ ಸಾಕು. ಹಿಂದಿನ ಎರಡು ರಾಜ್ಯಗಳ ಗಡಿಯನ್ನು ದಾಟಿಯೇ ಹೋಗಬೇಕು. ಅದೇ ಎರೆಮಣ್ಣು, ಅದೇ ಬಿಳಿಜೋಳ, ತೊಗರಿ, ಹತ್ತಿ, ವರ್ಷಕ್ಕೆ ಇಪ್ಪತ್ತೈದು ಇಂಚಿನ ಸುತ್ತಮುತ್ತ ಬೀಳುವ, ಒಮ್ಮೊಮ್ಮೆ ಬೀಳದೆಯೂ ಇರುವ ಅದೇ ಮಳೆ, ಅದೇ ಕನ್ನಡ. 'ನಿಜಾಮರ ರಾಜ್ಯ ವಸಾಹತು ಹೇಗಾದೀತು?' ಎಂದು ಯಾರಾದರೂ ಕೇಳಬಹುದು. ಹೈದರಾಬಾದಿನಲ್ಲಿ ನವಾಬರಿದ್ದರು, ನಿಜ. ಆದರೆ ಅವರ ಪಕ್ಕದಲ್ಲಿ ರೆಸಿಡೆಂಟನಿದ್ದನು, ಸೈನ್ಯದ ಖರ್ಚಿನ ಲೆಕ್ಕವನ್ನು ಕಂಪನಿಯೇ ಬರೆಯುತ್ತಿದ್ದಿತು, ಬಾಕಿ ನಿಂತಾಗ ಜಿಲ್ಲೆಗಳನ್ನೇ ಕಸಿದುಕೊಳ್ಳುತ್ತಿದ್ದಿತು. ನಾವು ಇಂಗ್ಲಿಷರ ನೇರ ಆಳ್ವಿಕೆಯಲ್ಲಿದ್ದೆವು, ಅವರು ಪರೋಕ್ಷ ಆಳ್ವಿಕೆಯಲ್ಲಿದ್ದರು. ಭೇದ ಇಷ್ಟೇ.

ಗಡಿ ಬಂದ ಬಗೆಯನ್ನೂ ತುಸು ನೆನೆಯಬೇಕು. ಆದಿಲಶಾಹಿಯ ಕಾಲಕ್ಕೆ ಈಚೆ-ಆಚೆ ಎರಡೂ ವಿಜಾಪುರದ ಪ್ರಭಾವಲಯವೇ. ೧೬೮೬ರಲ್ಲಿ ವಿಜಾಪುರ ಔರಂಗಜೇಬನ ವಶವಾಯಿತು. ಮುಂದೆ ನಿಜಾಮರೂ ಪೇಶ್ವೆಗಳೂ ಈ ಸೀಮೆಯನ್ನು ಹರಿದು ಹಂಚಿಕೊಂಡರು. ೧೮೧೮ರಲ್ಲಿ ಪೇಶ್ವೆಗಳು ಸೋತ ಬಳಿಕ ನಮ್ಮ ಜಿಲ್ಲೆಯ ಕೆಲವು ಭಾಗ ಕಂಪನಿಗೂ ಕೆಲವು ಭಾಗ ಸಾತಾರೆಯ ರಾಜರಿಗೂ ಸೇರಿತು. ೧೮೪೮ರಲ್ಲಿ ಸಾತಾರೆಯ ರಾಜರು ಔರಸಪುತ್ರರಿಲ್ಲದೆ ತೀರಿದುದರಿಂದ ಅದೂ ಕಂಪನಿಯ ಪಾಲಾಯಿತು. ಮುಂದೆ ಕಲಾದಗಿಯ ಜಿಲ್ಲೆ ಹುಟ್ಟಿ, ೧೮೮೫ರಲ್ಲಿ ಅದರ ಮುಖ್ಯಠಾಣೆ ವಿಜಾಪುರಕ್ಕೆ ಬಂದಿತು. ಆಚೆಗೆ, ಸೈನ್ಯದ ಸಾಲಕ್ಕಾಗಿ ೧೮೫೩ರಲ್ಲಿ ಇಂಗ್ಲಿಷರು ಹಿಡಿದ ರಾಯಚೂರು ದೋಆಬ ೧೮೬೦ರಲ್ಲಿ ನಿಜಾಮರಿಗೆ ಮರಳಿತು. ಸುರಪುರದ ರಾಜಾ ವೆಂಕಟಪ್ಪ ನಾಯಕರು ೧೮೫೮ರಲ್ಲಿ ಬಂಡೆದ್ದು ಅಳಿದ ಮೇಲೆ ಆ ಸಂಸ್ಥಾನವನ್ನೂ ೧೮೬೦ರಲ್ಲಿಯೇ ನಿಜಾಮರಿಗೆ ಬಹುಮಾನವೆಂಬಂತೆ ಕೊಡಲಾಯಿತು. ಅಂದರೆ ಯಾವ ಊರು ಯಾರ ಕೈಕೆಳಗೆ ಬರಬೇಕೆಂಬುದನ್ನು ಊರಿನ ಯೋಗ್ಯತೆ ನಿರ್ಣಯಿಸಲಿಲ್ಲ. ಒಬ್ಬರ ಸಾಲ, ಒಬ್ಬರ ಸಾವು, ಒಬ್ಬರ ಬಂಡಾಯ ನಿರ್ಣಯಿಸಿದವು. ಹೆಮ್ಮೆಪಡುವವರು ಇದನ್ನು ಮೊದಲು ತಿಳಿಯಬೇಕು.

ಇನ್ನು ಆರ್ಥಿಕ ಸಂಗತಿಗಳಿಗೆ ಬರೋಣ. ಮೊದಲನೆಯದು ಭೂಮಿ. ಇದರಲ್ಲಿ ಕಂಪನಿ ಸೀಮೆಗೆ ಒಂದು ನಿಜವಾದ ಲಾಭವಾದುದನ್ನು ಒಪ್ಪಲೇಬೇಕು. ಗೋಲ್ಡ್‌ಸ್ಮಿಡ್, ವಿಂಗೇಟ್ ಎಂಬ ಅಧಿಕಾರಿಗಳು ೧೮೩೬ರಲ್ಲಿ ಇಂದಾಪುರದಲ್ಲಿ ಪ್ರಾರಂಭಿಸಿದ ಮೋಜಣಿಯ ಪದ್ಧತಿ ಮುಂಬಯಿ ಇಲಾಖೆಯಲ್ಲೆಲ್ಲ ಹರಡಿತು. ಹೊಲಹೊಲವನ್ನೂ ಅಳೆದು, ಮಣ್ಣಿನ ಗುಣ ನೋಡಿ ದರ್ಜೆ ಕಟ್ಟಿ, ಮೂವತ್ತು ವರ್ಷಗಳ ವರೆಗೆ ಬದಲಾಗದ ಕಂದಾಯವನ್ನು ಗೊತ್ತು ಮಾಡಿ, ರೈತನ ಹೆಸರನ್ನೇ ದಫ್ತರದಲ್ಲಿ ಬರೆದರು. ಸರಕಾರಕ್ಕೂ ರೈತನಿಗೂ ನಡುವೆ ಜಮೀನದಾರನಿಲ್ಲ. ಆಚೆಯ ರಾಜ್ಯದಲ್ಲಿ ಸುಮಾರು ಐದರಲ್ಲಿ ಮೂರು ಪಾಲು ಭೂಮಿ ಮಾತ್ರ ದಿವಾನಿ, ಎಂದರೆ ಸರಕಾರದ ನೇರ ಕಂದಾಯದ ಭೂಮಿ. ಉಳಿದುದು ಜಹಗೀರು, ಪಾಯಿಗಾ, ಸಂಸ್ಥಾನ, ಹಾಗೂ ನಿಜಾಮರ ಸ್ವಂತ ಖರ್ಚಿಗೆಂದು ಮೀಸಲಾದ ಸರ್ಫ್-ಎ-ಖಾಸ್. ಲಿಂಗಸುಗೂರು ತಾಲೂಕಿನಲ್ಲಿಯೇ ಗುರಗುಂಟಿಯ ಸಂಸ್ಥಾನವಿದ್ದಿತು. ದಿವಾನ ಸಾಲಾರಜಂಗರು ೧೮೬೫ರ ಸುಮಾರಿಗೆ ಜಿಲ್ಲೆಗಳನ್ನು ರಚಿಸಿ ಆಡಳಿತವನ್ನು ತಿದ್ದಿದರೂ, ಜಹಗೀರಿನ ರೈತನಿಗೆ ಜಹಗೀರದಾರನ ಮನಸ್ಸೇ ಕಾಯಿದೆಯಾಗಿದ್ದಿತು. ಬಿಟ್ಟಿ ಚಾಕರಿಯೂ ತಪ್ಪಲಿಲ್ಲ. ಜಹಗೀರುಗಳು ರದ್ದಾದುದು ೧೯೪೯ರಲ್ಲಿ.

ಉತಾರದಲ್ಲಿ ಹೆಸರು ಇರುವದಕ್ಕೂ ಇಲ್ಲದಿರುವದಕ್ಕೂ ಏನು ಅಂತರವೆಂಬುದು ಒಕ್ಕಲುತನದ ಮನೆಯವರಿಗೆ ಹೇಳಿಕೊಡಬೇಕಾಗಿಲ್ಲ. ನಮ್ಮ ಮನೆಯಲ್ಲಿ ಪದವಿಯ ತರಗತಿಯ ವರೆಗೆ ಬಂದವನು ನಾನೇ ಮೊದಲಿಗ. ಅದಕ್ಕಿಂತ ಹಿಂದೆ ನಮ್ಮ ಮನೆತನದ ಹೆಸರು ಕಾಗದದ ಮೇಲೆ ಕಂಡಿದ್ದರೆ ಅದು ಹೊಲದ ಉತಾರದಲ್ಲಿಯೇ. ಆದರೆ ಈ ಲಾಭಕ್ಕೆ ಇನ್ನೊಂದು ಮುಖವಿದ್ದಿತು. ಮಳೆ ಬರಲಿ ಬಾರದಿರಲಿ, ಗೊತ್ತಾದ ಕಂದಾಯವನ್ನು ನಗದಾಗಿ ಕಟ್ಟಲೇಬೇಕು. ಹೆಸರಿಗೆ ಬಂದ ಹೊಲ ಒತ್ತೆಗೂ ಬರುತ್ತದೆ, ಒತ್ತೆಗೆ ಹೋದುದು ಮಾರಾಟಕ್ಕೂ ಬರುತ್ತದೆ. ಅಮೆರಿಕೆಯ ಅಂತರ್ಯುದ್ಧದ ಕಾಲಕ್ಕೆ, ೧೮೬೧ರಿಂದ ೧೮೬೫ರ ವರೆಗೆ, ಹತ್ತಿಯ ಬೆಲೆ ಏರಿದಾಗ ಸಾಹುಕಾರ ಧಾರಾಳವಾಗಿ ಸಾಲ ಕೊಟ್ಟನು. ಯುದ್ಧ ಮುಗಿದು ಬೆಲೆ ಇಳಿದಾಗ ಅದೇ ಕಾಗದವನ್ನು ಹಿಡಿದು ಕೋರ್ಟಿಗೆ ನಡೆದನು. ೧೮೭೫ರಲ್ಲಿ ಪುಣೆ, ಅಹಮದನಗರ ಜಿಲ್ಲೆಗಳ ರೈತರು ಸಾಹುಕಾರರ ಸಾಲಪತ್ರಗಳನ್ನು ಸುಟ್ಟುದು ಇದೇ ಪದ್ಧತಿಯ ಕೆಳಗೆ. ೧೮೭೬ರಿಂದ ೭೮ರ ವರೆಗಿನ ಮಹಾಬರದಲ್ಲಿ ಕಂಪನಿ ಸೀಮೆಯ ನಮ್ಮ ಜಿಲ್ಲೆಯೂ ಮೊಗಲಾಯಿಯ ಜಿಲ್ಲೆಗಳೂ ಒಂದೇ ರೀತಿ ನರಳಿದವು. ೧೮೭೨ರ ಗಣತಿಯಲ್ಲಿದ್ದಷ್ಟು ಜನ ೧೮೮೧ರ ಗಣತಿಯಲ್ಲಿ ನಮ್ಮ ಜಿಲ್ಲೆಯಲ್ಲಿ ಇರಲಿಲ್ಲ. ಕಾಯಿದೆ ಇದ್ದ ಮಾತ್ರಕ್ಕೆ ಕಾಳು ಬರಲಿಲ್ಲ.

ಎರಡನೆಯದು ರೈಲು. ಇಲ್ಲಿ ಹೆಮ್ಮೆಯವರಿಗೆ ಒಂದು ಆಶ್ಚರ್ಯ ಕಾದಿದೆ. ರೈಲು ಮೊದಲು ಬಂದುದು ಮೊಗಲಾಯಿಗೆ! ಮುಂಬಯಿಯಿಂದ ಹೊರಟ ಜಿ.ಐ.ಪಿ. ರೈಲುಮಾರ್ಗ ಕಲಬುರ್ಗಿ, ವಾಡಿಗಳ ಮೇಲೆ ಹಾಯ್ದು ೧೮೭೧ರಲ್ಲಿ ರಾಯಚೂರಿನಲ್ಲಿ ಮದ್ರಾಸಿನ ಮಾರ್ಗವನ್ನು ಕೂಡಿತು. ವಾಡಿಯಿಂದ ಸಿಕಂದರಾಬಾದಿಗೆ ೧೮೭೪ರಲ್ಲಿ ರೈಲು ಓಡಿತು. ವಿಜಾಪುರದ ಮೇಲೆ ಹಾಯುವ ಹೊಟಗಿ-ಗದಗ ಮಾರ್ಗ ತೆರೆದುದು ೧೮೮೪ರಲ್ಲಿ, ಎಂದರೆ ಮಹಾಬರದ ಪೆಟ್ಟು ಬಿದ್ದ ಬಳಿಕ. ಆದರೆ ಈ ಎರಡು ಮಾರ್ಗಗಳಲ್ಲಿ ಒಂದೂ ಅದು ಹಾಯ್ದ ಊರಿನ ಸಲುವಾಗಿ ಹುಟ್ಟಿದುದಲ್ಲ. ಒಂದು ಮುಂಬಯಿ-ಮದ್ರಾಸ ಬಂದರಗಳನ್ನು ಕೂಡಿಸಲು. ಇನ್ನೊಂದು ಹತ್ತಿಯನ್ನು ಹೊರಗೆ ಒಯ್ಯಲು ಮತ್ತು ಬರದಲ್ಲಿ ಕಾಳನ್ನು ಒಳಗೆ ತರಲು. ರೈಲಿನ ಸುತ್ತ ಕಾರಖಾನೆಗಳು ಬೆಳೆಯಲಿಲ್ಲ. ಕಲಬುರ್ಗಿಯಲ್ಲಿ ಹತ್ತೊಂಬತ್ತನೆಯ ಶತಮಾನದ ಕೊನೆಗೆ ಮೆಹಬೂಬ ಶಾಹಿ ಗಿರಣಿ ನಿಂತಿತು. ವಿಜಾಪುರ ಸೀಮೆಯಲ್ಲಿ ಹತ್ತಿ ಹಿಂಜಿ, ಒತ್ತಿ ಕಳಿಸುವ ಕೆಲಸವೇ ಹೆಚ್ಚು. ಮುದ್ದೇಬಿಹಾಳಕ್ಕೂ ಸುರಪುರ ಪಟ್ಟಣಕ್ಕೂ ಅಂದು ಬಾರದ ರೈಲು ಇನ್ನೂ ಬಂದಿಲ್ಲ. ಆಲಮಟ್ಟಿ-ಯಾದಗಿರಿ ಮಾರ್ಗದ ಬೇಡಿಕೆ ಕೇಳಿಯೇ ನಮ್ಮ ಕಿವಿ ಬೆಳೆದಿದೆ.

ಮೂರನೆಯದು ನೀರು. ನನ್ನ ಅಭಿಪ್ರಾಯದಲ್ಲಿ ಇಡಿಯ ತುಲನೆಯ ತಿರುಳು ಇಲ್ಲಿಯೇ ಇದೆ. ಮುಂಬಯಿ ಸರಕಾರ ನೀರಾವರಿಗೆ ಹಣ ಹಾಕಲಿಲ್ಲವೆಂದಲ್ಲ, ಧಾರಾಳವಾಗಿ ಹಾಕಿತು. ಭಂಡಾರದರಾ, ಭಾಟಘರದ ಹೊಸ ಅಣೆಕಟ್ಟುಗಳು ೧೯೨೦ರ ದಶಕದಲ್ಲಿ ಎದ್ದವು. ಅಹಮದನಗರ, ಪುಣೆಗಳ ಕಡೆ ಕಬ್ಬು ಬೆಳೆಯಿತು. ಸಿಂಧ ಪ್ರಾಂತ ಆಗ ಮುಂಬಯಿ ಇಲಾಖೆಗೇ ಸೇರಿದ್ದಿತು; ಅಲ್ಲಿ ಸಿಂಧೂ ನದಿಗೆ ಕಟ್ಟಿದ ಸುಕ್ಕೂರಿನ ಬ್ಯಾರೇಜು ೧೯೩೨ರಲ್ಲಿ ಮುಗಿಯಿತು. ಅದೇ ಸರಕಾರದ ಕೆಳಗಿದ್ದ ನಮ್ಮ ಜಿಲ್ಲೆಯನ್ನು ಕೃಷ್ಣೆ, ಭೀಮೆ, ಘಟಪ್ರಭೆ, ಮಲಪ್ರಭೆಗಳು ಹಾಯುತ್ತಿದ್ದರೂ ಇಂಗ್ಲಿಷರು ಇರುವತನಕ ಒಂದು ದೊಡ್ಡ ಕಾಲುವೆ ಬರಲಿಲ್ಲ. ನಿಜಾಮ ಸರಕಾರದ ಕಥೆಯೂ ಬೇರೆಯಲ್ಲ. ಹೈದರಾಬಾದ ನಗರಕ್ಕಾಗಿ ೧೯೨೦ರಲ್ಲಿ ಉಸ್ಮಾನಸಾಗರ, ೧೯೨೭ರಲ್ಲಿ ಹಿಮಾಯತಸಾಗರ. ತೆಲಂಗಾಣದ ಬತ್ತಕ್ಕೆ ೧೯೩೧ರಲ್ಲಿ ನಿಜಾಮಸಾಗರ. ಕನ್ನಡ ಜಿಲ್ಲೆಗಳಿಗೆ ಅಷ್ಟೇ ದೊಡ್ಡ ಕೆಲಸ ಬಂದುದು ಕಟ್ಟಕಡೆಗೆ, ತುಂಗಭದ್ರೆಯ ರೂಪದಲ್ಲಿ. ಮದ್ರಾಸ ಮತ್ತು ಹೈದರಾಬಾದ ಸರಕಾರಗಳು ಕೂಡಿ ೧೯೪೫ರಲ್ಲಿ ಅದಕ್ಕೆ ಕೈ ಹಾಕಿದವು. ೧೯೫೩ರಲ್ಲಿ ನೀರು ನಿಂತಾಗ ನಿಜಾಮರ ಆಳ್ವಿಕೆಯೇ ಇರಲಿಲ್ಲ.

ಎರಡು ಬೊಕ್ಕಸಗಳು, ಎರಡು ಧ್ವಜಗಳು, ಎರಡು ಭಾಷೆಯ ದಫ್ತರಗಳು. ಆದರೆ ಕನ್ನಡ ಜಿಲ್ಲೆಗಳ ವಿಷಯದಲ್ಲಿ ನಡತೆ ಒಂದೇ! ಎರಡಕ್ಕೂ ನಮ್ಮ ಸೀಮೆ ಹಿತ್ತಲು. ಮನೆಯ ಮುಂದಿನ ಅಂಗಳವನ್ನು ಸಾರಿಸಿ ರಂಗೋಲಿ ಹಾಕುವವರೇ ಹಿತ್ತಲಲ್ಲಿ ಕಟ್ಟಿಗೆ ಒಟ್ಟುತ್ತಾರೆ. ಮುಂಬಯಿಗೆ ನಾವು ತೆಂಕಣದ ಕೊನೆ, ಹೈದರಾಬಾದಿಗೆ ಅವರು ಪಡುವಣದ ಕೊನೆ. ಆ ಎರಡು ಕೊನೆಗಳು ಕೂಡುವ ಗೆರೆಯ ಮೇಲೆ ನಮ್ಮ ಊರುಗಳಿದ್ದವು. ಗೆರೆಗೂ ತನ್ನದೊಂದು ಖರ್ಚು. ಆಚೆ ಹಾಲಿ ಸಿಕ್ಕಾ, ಈಚೆ ಕಲದಾರ. ಏಳು ಹಾಲಿ ರೂಪಾಯಿಗೆ ಆರು ಕಲದಾರ ರೂಪಾಯಿ ಎಂಬ ಲೆಕ್ಕ. ಸರಕು ದಾಟಿದರೆ ಸುಂಕದ ಚೌಕಿ. ತಾಳಿಕೋಟೆಯಂಥ ಪೇಟೆಗೆ ಮೂಡಣ ಮಗ್ಗುಲಿನ ಹಳ್ಳಿಗಳೇ ಸಹಜವಾದ ಗಿರಾಕಿ. ಆ ಮಗ್ಗುಲಿಗೆ ಪರರಾಜ್ಯದ ಬೇಲಿ ಬಿದ್ದರೆ ಪೇಟೆ ಬೆಳೆಯುವದೆಂತು?

ಹಾಗಾದರೆ ಎರಡು ಸೀಮೆಗಳಲ್ಲಿ ಭೇದವೇ ಇರಲಿಲ್ಲವೆ? ಇದ್ದಿತು, ಅದನ್ನು ಮುಚ್ಚುವದು ನ್ಯಾಯವಲ್ಲ. ಭೇದವಿದ್ದುದು ಜನರು ತಾವೇ ಕೂಡಿ ಕೆಲಸ ಮಾಡಲು ದೊರೆತ ಅವಕಾಶದಲ್ಲಿ. ಮುಂಬಯಿ ಕರ್ನಾಟಕದಲ್ಲಿ ಡೆಪ್ಯುಟಿ ಚನ್ನಬಸಪ್ಪನವರಂಥವರ ಪ್ರಯತ್ನದಿಂದ ಹತ್ತೊಂಬತ್ತನೆಯ ಶತಮಾನದಲ್ಲಿಯೇ ಶಾಲೆಗಳಲ್ಲಿ ಕನ್ನಡ ಬೇರೂರಿತು. ೧೮೯೦ರಲ್ಲಿ ಧಾರವಾಡದಲ್ಲಿ ವಿದ್ಯಾವರ್ಧಕ ಸಂಘ ಹುಟ್ಟಿತು. ೧೯೦೪ರ ಸಹಕಾರಿ ಕಾಯಿದೆ ಬಂದ ಮರುವರ್ಷವೇ ಗದಗಿನ ಹತ್ತಿರದ ಕಣಗಿನಹಾಳದಲ್ಲಿ ಸಿದ್ದನಗೌಡ ಪಾಟೀಲರು ಪತ್ತಿನ ಸಂಘವನ್ನು ಕಟ್ಟಿದರು. ವಿಜಾಪುರದಲ್ಲಿ ಫ. ಗು. ಹಳಕಟ್ಟಿಯವರು ೧೯೧೦ರಲ್ಲಿ ಬಿ.ಎಲ್.ಡಿ.ಇ. ಸಂಸ್ಥೆಯನ್ನೂ ೧೯೧೨ರಲ್ಲಿ ಸಿದ್ಧೇಶ್ವರ ಸಹಕಾರಿ ಬ್ಯಾಂಕನ್ನೂ ಸ್ಥಾಪಿಸಿದರು. ವಚನಗಳ ಓಲೆಗರಿ ಹುಡುಕಿದ ಕೈಯೇ ಬ್ಯಾಂಕಿನ ಲೆಕ್ಕವನ್ನೂ ತೆರೆಯಿತು! ಆಚೆಯ ಸೀಮೆಯಲ್ಲಿ ರಾಜ್ಯಭಾಷೆ ಉರ್ದು. ೧೯೧೮ರಲ್ಲಿ ಉಸ್ಮಾನಿಯಾ ವಿಶ್ವವಿದ್ಯಾಲಯವು ಇಂಗ್ಲಿಷನ್ನು ಬಿಟ್ಟು ದೇಶಭಾಷೆಯಲ್ಲಿ ಉಚ್ಚ ಶಿಕ್ಷಣ ಕೊಟ್ಟುದು ಮೆಚ್ಚತಕ್ಕ ಸಾಹಸವೇ. ಆದರೆ ಆ ದೇಶಭಾಷೆ ರಾಯಚೂರು, ಕಲಬುರ್ಗಿಯ ಬಹುಸಂಖ್ಯಾತರ ಮನೆಯ ಭಾಷೆಯಾಗಿರಲಿಲ್ಲ. ಸಭೆ ಕೂಡಿಸಲು ಸರಕಾರದ ಅಪ್ಪಣೆ ಬೇಕು. ಇಂಥದರಲ್ಲಿಯೂ ಕಲಬುರ್ಗಿಯ ನೂತನ ವಿದ್ಯಾಲಯ, ರಾಯಚೂರಿನ ಹಮ್‌ದರ್ದ್ ಶಾಲೆಗಳನ್ನು ನಡೆಸಿದವರ ಧೈರ್ಯ ಸಾಮಾನ್ಯವಾದುದಲ್ಲ. ಆದುದರಿಂದ ಈಚೆಗೆ ಇಂಗ್ಲಿಷರಿಂದ ಬಂದ ಸಂಪತ್ತು ಹೆಚ್ಚಾಗಿರಲಿಲ್ಲ. ಜನ ತಾವೇ ಕಟ್ಟಿಕೊಂಡ ಸಂಸ್ಥೆಗಳು ಹೆಚ್ಚಾಗಿದ್ದವು. ಹೆಮ್ಮೆಯೇ ಬೇಕಾದರೆ ಕಣಗಿನಹಾಳದ ಮೇಲೆ ಇರಲಿ, ಕಲೆಕ್ಟರನ ಕಚೇರಿಯ ಮೇಲೆ ಬೇಡ.

ಇಲ್ಲಿ ಮೂರನೆಯ ನೆರೆಯವರನ್ನೂ ನೋಡಬೇಕು. ಹಳೆಯ ಮೈಸೂರು ರಾಜರ ಆಳ್ವಿಕೆಯದೇ, ಇಂಗ್ಲಿಷರ ಅಧೀನವೇ. ಆದರೆ ಅಲ್ಲಿ ೧೯೦೨ರಲ್ಲಿ ಶಿವನಸಮುದ್ರದ ವಿದ್ಯುತ್ತು, ೧೯೧೩ರಲ್ಲಿ ಮೈಸೂರು ಬ್ಯಾಂಕು, ೧೯೧೬ರಲ್ಲಿ ವಿಶ್ವವಿದ್ಯಾಲಯ, ೧೯೨೩ರಲ್ಲಿ ಭದ್ರಾವತಿಯ ಕಬ್ಬಿಣ, ೧೯೩೦ರ ದಶಕದ ಪ್ರಾರಂಭಕ್ಕೆ ಕನ್ನಂಬಾಡಿಯ ನೀರು ಮತ್ತು ಮಂಡ್ಯದ ಸಕ್ಕರೆ. ರಾಜರ ಆಳ್ವಿಕೆ ಎಂದರೆ ಹಿಂದುಳಿಯುವದೇ ಆಗಿದ್ದರೆ ಮೈಸೂರೇಕೆ ಮುಂದುವರಿಯಿತು? ಇಂಗ್ಲಿಷರ ಆಳ್ವಿಕೆ ಎಂದರೆ ಪ್ರಗತಿಯೇ ಆಗಿದ್ದರೆ ವಿಜಾಪುರವೇಕೆ ಒಣಗಿತು? ಉತ್ತರ ಆಳುವವನ ಜಾತಿಯಲ್ಲಾಗಲಿ ಬಣ್ಣದಲ್ಲಾಗಲಿ ಇಲ್ಲ. ಮೈಸೂರಿನ ಕಂದಾಯವನ್ನು ಎಲ್ಲಿ ಖರ್ಚು ಮಾಡಬೇಕೆಂದು ಗೊತ್ತು ಮಾಡುವವರು ಮೈಸೂರು, ಬೆಂಗಳೂರುಗಳಲ್ಲಿಯೇ ಕುಳಿತಿದ್ದರು. ನಮ್ಮ ಕಂದಾಯವನ್ನು ಗೊತ್ತು ಮಾಡುವವರು ಮುಂಬಯಿಯಲ್ಲಿದ್ದರು. ಸುರಪುರದ್ದನ್ನು ಗೊತ್ತು ಮಾಡುವವರು ಹೈದರಾಬಾದಿನಲ್ಲಿದ್ದರು. ಒಂದು ಸೀಮೆಯ ಬೆಳವಣಿಗೆ ಬೊಕ್ಕಸದಿಂದ ಅದು ಎಷ್ಟು ದೂರವಿದೆ ಎಂಬುದರ ಮೇಲೆ ನಿಂತಿದೆ. ಇದೇ ನನ್ನ ಲೇಖನದ ಸಿದ್ಧಾಂತ.

ದೊಡ್ಡ ವಿದ್ವಾಂಸರ ಶೋಧನೆಯೂ ಇದಕ್ಕೆ ವಿರುದ್ಧವಾಗಿಲ್ಲ. ಅಭಿಜಿತ್ ಬ್ಯಾನರ್ಜಿ ಮತ್ತು ಲಕ್ಷ್ಮಿ ಅಯ್ಯರ್ ಅವರು ೨೦೦೫ರಲ್ಲಿ, ಜಮೀನದಾರಿಯಿದ್ದ ಜಿಲ್ಲೆಗಳು ಸ್ವಾತಂತ್ರ್ಯದ ಬಳಿಕವೂ ಒಕ್ಕಲುತನದ ಇಳುವರಿಯಲ್ಲಿ ಹಿಂದೆ ಬಿದ್ದುದನ್ನು ತೋರಿಸಿದರು. ಇದರಂತೆ ನಮ್ಮ ಉತಾರದ ಲಾಭ ನಿಜ. ಆದರೆ ಲಕ್ಷ್ಮಿ ಅಯ್ಯರ್ ಅವರೇ ೨೦೧೦ರಲ್ಲಿ ಪ್ರಕಟಿಸಿದ ಇನ್ನೊಂದು ಪ್ರಬಂಧದಲ್ಲಿ, ನೇರ ಇಂಗ್ಲಿಷ್ ಆಳ್ವಿಕೆಯಲ್ಲಿದ್ದ ಜಿಲ್ಲೆಗಳಿಗೆ ಶಾಲೆ, ಆಸ್ಪತ್ರೆ, ರಸ್ತೆಗಳು ಸಂಸ್ಥಾನಗಳಿಗಿಂತ ಕಡಿಮೆ ದೊರೆತುದನ್ನು ತೋರಿಸಿದ್ದಾರೆ. ಇಂಗ್ಲಿಷರು ಒಳ್ಳೆಯ ನೆಲವನ್ನೇ ಆಯ್ದುಕೊಂಡಿದ್ದರೆ ತುಲನೆ ಕೆಡುತ್ತದೆಂದು, ಔರಸಪುತ್ರನಿಲ್ಲದೆ ರಾಜ ತೀರಿದುದರಿಂದ ಕಂಪನಿಗೆ ಸೇರಿದ ಸೀಮೆಗಳನ್ನು ಅವರು ಕಸೋಟಿಯಾಗಿ ಬಳಸಿದರು. ಸಾತಾರೆಯ ಪಾಲಿನಿಂದ ಬಂದ ನಮ್ಮ ಜಿಲ್ಲೆಯ ಭಾಗಗಳು ಅಂಥವೇ ಎಂಬುದು ಗಮನಾರ್ಹ.

ಇನ್ನು ಏಕೀಕರಣದ ಬಳಿಕ ನಡೆದುದೇನು? ೧೯೫೬ರ ನವೆಂಬರ ೧ರಂದು ಗೆರೆ ಅಳಿಯಿತು. ೧೯೬೪ರಲ್ಲಿ ಆಲಮಟ್ಟಿಯಲ್ಲಿ ಲಾಲ ಬಹಾದ್ದೂರ ಶಾಸ್ತ್ರಿಯವರು ಅಡಿಗಲ್ಲನ್ನಿಟ್ಟರು. ಎರಡು ಸರಕಾರಗಳಿದ್ದಾಗ ನೆನೆಯಲೂ ಆಗದ ಕೆಲಸ ಒಂದೇ ಸರಕಾರದ ಕೆಳಗೆ ಕೈಗೂಡಿತು. ೧೯೮೨ರಲ್ಲಿ ನಾರಾಯಣಪುರದ ಬಸವಸಾಗರ ಮುಗಿದು, ಎಡದಂಡೆಯ ಕಾಲುವೆ ಸುರಪುರ, ಶಹಾಪುರ, ಜೇವರ್ಗಿಗಳತ್ತ ಹರಿಯಿತು. ಆಲಮಟ್ಟಿಯ ಅಣೆಕಟ್ಟು ೨೦೦೬ರಲ್ಲಿ ರಾಷ್ಟ್ರಕ್ಕೆ ಸಮರ್ಪಿತವಾಯಿತು. ಹೊಲ-ಮನೆ ನೀರಿಗೆ ಕೊಟ್ಟವರಲ್ಲಿ ನಮ್ಮ ಕಡೆಯ ದಂಡೆಯ ಹಳ್ಳಿಗಳವರೂ ಬಾಗಲಕೋಟೆಯವರೂ ಇದ್ದಾರೆ. ನೀರು ಮೊದಲು ಹರಿದುದು ಆಚೆಗೆ. ಇದನ್ನು ದೂರೆಂದು ಹೇಳುತ್ತಿಲ್ಲ. ನೆಲದ ಇಳುಕಲು ಇದ್ದತ್ತ ನೀರು ಹೋಗುತ್ತದೆ. ಎತ್ತರದ ನಮ್ಮ ಹೊಲಗಳಿಗೆ ಮುಳವಾಡ, ಚಿಮ್ಮಲಗಿಯಂಥ ಏತ ನೀರಾವರಿಯೇ ಗತಿ, ಅದಕ್ಕೆ ಹಣವೂ ಕಾಲವೂ ಹೆಚ್ಚು ಬೇಕು.

ಹೀಗೆ ನಾಲ್ವತ್ತಾರು ವರ್ಷ ಕಳೆದ ಮೇಲೆ, ೨೦೦೨ರಲ್ಲಿ ಡಾ. ಡಿ. ಎಂ. ನಂಜುಂಡಪ್ಪನವರ ಸಮಿತಿ ತಾಲೂಕುಗಳನ್ನು ಒಂದೊಂದಾಗಿ ಅಳೆದು ವರದಿ ಕೊಟ್ಟಿತು. ೧೭೫ ತಾಲೂಕುಗಳಲ್ಲಿ ೧೧೪ ಹಿಂದುಳಿದವು. ಅವುಗಳಲ್ಲಿ ೩೯ ಅತ್ಯಂತ ಹಿಂದುಳಿದವು. ಆ ೩೯ರಲ್ಲಿ ಕಲಬುರ್ಗಿ ವಿಭಾಗದವು ೨೧, ಬೆಳಗಾವಿ ವಿಭಾಗದವು ೫. ಈ ಐದರಲ್ಲಿ ನಾಲ್ಕು ನಮ್ಮ ಜಿಲ್ಲೆಯವೇ: ಇಂಡಿ, ಸಿಂದಗಿ, ಬಸವನ ಬಾಗೇವಾಡಿ, ಮುದ್ದೇಬಿಹಾಳ. ಅದೇ ಪಟ್ಟಿಯಲ್ಲಿ ಆಚೆಯ ಸುರಪುರ, ಲಿಂಗಸುಗೂರು, ದೇವದುರ್ಗಗಳೂ ಇವೆ. ನೂರು ವರ್ಷ ಬೇರೆ ಬೇರೆ ಧ್ವಜದ ಕೆಳಗಿದ್ದ ನೆರೆಹೊರೆಯವರು ಒಂದೇ ಕಂಬದಲ್ಲಿ ಕುಳಿತಿದ್ದಾರೆ! 'ಮೊಗಲಾಯಿ' ಎಂದು ನಗುವವರು ಈ ಪಟ್ಟಿಯನ್ನು ಒಮ್ಮೆ ಓದಿದರೆ ಸಾಕು.

ಆದರೆ ನಮ್ಮ ಸರಕಾರಗಳು ಮತ್ತೆ ಹಳೆಯ ಗೆರೆಯನ್ನೇ ಹಿಡಿದವು. ಸಂವಿಧಾನದ ೯೮ನೆಯ ತಿದ್ದುಪಡಿಯಿಂದ ಬಂದ ೩೭೧-ಜೆ ವಿಧಿಯು ಹೈದರಾಬಾದ ಕರ್ನಾಟಕಕ್ಕೆ, ಎಂದರೆ ೨೦೧೯ರಿಂದ ಕಲ್ಯಾಣ ಕರ್ನಾಟಕವೆಂದು ಕರೆಯಿಸಿಕೊಳ್ಳುತ್ತಿರುವ ಭಾಗಕ್ಕೆ, ಪ್ರತ್ಯೇಕ ಮಂಡಳಿಯನ್ನೂ ಅನುದಾನವನ್ನೂ ನೌಕರಿಯ ಮೀಸಲನ್ನೂ ಕೊಟ್ಟಿತು. ೨೦೧೩ರ ಆಜ್ಞೆಯ ಪ್ರಕಾರ ಆ ಭಾಗದ ಶಿಕ್ಷಣಸಂಸ್ಥೆಗಳಲ್ಲಿ ಶೇಕಡಾ ೭೦ ಸೀಟುಗಳು, ರಾಜ್ಯಮಟ್ಟದ ಸಂಸ್ಥೆಗಳಲ್ಲಿ ಶೇಕಡಾ ೮ ಸೀಟುಗಳು ಅಲ್ಲಿಯವರಿಗೆ. ಇದು ಅವರಿಗೆ ಸಲ್ಲತಕ್ಕುದೇ; ಅದರ ಮೇಲೆ ಅಸೂಯೆಪಡುವದು ಸಣ್ಣತನ. ನನ್ನ ಪ್ರಶ್ನೆ ಬೇರೆ. ನಾರಾಯಣಪುರದ ವಿದ್ಯಾರ್ಥಿಗೆ ಬೇಕಾದ ಊರುಗೋಲು ನಾಲತವಾಡದ ವಿದ್ಯಾರ್ಥಿಗೆ ಏಕೆ ಬೇಡ? ಇಬ್ಬರ ತಂದೆಯರೂ ಒಂದೇ ಮಳೆಯ ದಾರಿ ಕಾಯುತ್ತಾರೆ. ಬೇಸಿಗೆಯಲ್ಲಿ ಇಬ್ಬರ ಓಣಿಯವರೂ ಗೋವೆ, ಮುಂಬಯಿ, ಬೆಂಗಳೂರುಗಳಿಗೆ ದುಡಿಯಲು ಗುಳೆ ಹೋಗುತ್ತಾರೆ. ಒಬ್ಬನ ಮುತ್ತಜ್ಜನನ್ನು ನಿಜಾಮರು ಆಳಿದರು, ಇನ್ನೊಬ್ಬನ ಮುತ್ತಜ್ಜನನ್ನು ಇಂಗ್ಲಿಷರು ಆಳಿದರು ಎಂಬುದೊಂದೇ ಭೇದ.

'ಇತಿಹಾಸದಲ್ಲಿ ಆದ ಅನ್ಯಾಯಕ್ಕೆ ಇದು ಪರಿಹಾರ, ಆದುದರಿಂದ ಇತಿಹಾಸದ ಗೆರೆಯೇ ಸರಿ' ಎಂದು ವಾದಿಸುವವರಿದ್ದಾರೆ. ಜಹಗೀರು, ಉರ್ದು ಶಾಲೆ, ಸಭಾಬಂದಿಗಳನ್ನು ನೆನೆದರೆ ಈ ವಾದದಲ್ಲಿ ಬಲವಿದೆ. ಆದರೆ ಆ ಗೆರೆಯೂ ಇತಿಹಾಸಕ್ಕೆ ನಿಷ್ಠವಾಗಿಲ್ಲ. ಅದರೊಳಗೆ ಬಳ್ಳಾರಿಯೂ ಇದೆ. ೧೯೪೮ರಲ್ಲಿ ಬಳ್ಳಾರಿ ನಿಜಾಮರ ರಾಜ್ಯದಲ್ಲಿರಲಿಲ್ಲ, ೧೯೫೩ರ ವರೆಗೆ ಮದ್ರಾಸಿಗೆ ಸೇರಿದ್ದಿತು. ಹಿಂದುಳಿದಿರುವಿಕೆಯನ್ನು ನೋಡಿ ಬಳ್ಳಾರಿಯನ್ನು ಸೇರಿಸಬಹುದಾದರೆ ಅದೇ ಕಾರಣದಿಂದ ಇಂಡಿ, ಸಿಂದಗಿ, ಬಾಗೇವಾಡಿ, ಮುದ್ದೇಬಿಹಾಳಗಳನ್ನೂ ನೋಡಬಹುದಲ್ಲವೆ? ಇನ್ನು ನನ್ನ 'ದೂರ'ದ ಸಿದ್ಧಾಂತಕ್ಕೂ ಆಕ್ಷೇಪ ಬರಬಹುದು: ಆ ೩೯ರಲ್ಲಿ ಬೆಂಗಳೂರು ವಿಭಾಗದ ೧೧ ತಾಲೂಕುಗಳಿವೆ, ರಾಜಧಾನಿಯ ಮಗ್ಗುಲಿನ ಮಾಗಡಿ, ಕನಕಪುರಗಳೂ ಅವುಗಳಲ್ಲಿವೆ. ಹೌದು. ಬೊಕ್ಕಸದ ದೂರವನ್ನು ಮೈಲಿಗಲ್ಲಿನಿಂದ ಅಳೆಯಬಾರದು. ಹಣ ಹಂಚುವ ಮೇಜಿನ ಹತ್ತಿರ ನಮ್ಮ ಲೆಕ್ಕವನ್ನು ಓದುವವರಿಲ್ಲದಿದ್ದರೆ ವಿಧಾನಸೌಧದ ನೆರಳಿನಲ್ಲಿರುವ ಹಳ್ಳಿಯೂ ದೂರವೇ. ಇದರಿಂದ ನನ್ನ ಮಾತು ದೃಢವಾಗುತ್ತದೆ: ಅಳೆಯಬೇಕಾದುದು ತಾಲೂಕನ್ನು, ಹಳೆಯ ರಾಜ್ಯವನ್ನಲ್ಲ, ವಿಭಾಗವನ್ನಲ್ಲ.

ಆದುದರಿಂದ ನನ್ನ ಅಭಿಪ್ರಾಯವಿಷ್ಟು. ನಂಜುಂಡಪ್ಪನವರ ಸಮಿತಿ ತಾಲೂಕನ್ನೇ ಅಳತೆಯ ಘಟಕವೆಂದು ಹಿಡಿದುದು ಸರಿಯಾದ ದಾರಿ. ಮೀಸಲು, ಅನುದಾನ, ಕಾಲೇಜು, ಆಸ್ಪತ್ರೆ ಎಲ್ಲಕ್ಕೂ ಅದನ್ನೇ ಆಧಾರವಾಗಿ ಹಿಡಿಯಬೇಕು. ಎರಡನೆಯದಾಗಿ, ಕೃಷ್ಣೆಯ ಈಚೆ-ಆಚೆಯ ಅತ್ಯಂತ ಹಿಂದುಳಿದ ತಾಲೂಕುಗಳನ್ನು ಒಂದೇ ಯೋಜನೆಯಲ್ಲಿ ಸೇರಿಸಬೇಕು. ಆಲಮಟ್ಟಿ-ಯಾದಗಿರಿ ರೈಲು ಎರಡೂ ಕಡೆಯವರಿಗೆ ಬೇಕು. ತೊಗರಿ ಬೇಳೆಯ ಗಿರಣಿ, ಹತ್ತಿಯ ಕಾರಖಾನೆಗಳ ಸಂಪಾದನೆ ಎರಡೂ ಕಡೆ ಉಳಿಯಬೇಕು. ಕಾಲುವೆಯ ಕೆಳಗೆ ಜವಳಾಗುತ್ತಿರುವ ಎರೆಮಣ್ಣಿಗೆ ಬಸಿಗಾಲುವೆ ಎರಡೂ ಕಡೆ ಬೇಕು. ಮೂರನೆಯದಾಗಿ, ಪರರು ಕಟ್ಟಿಕೊಡಲೆಂದು ಕಾಯದೆ ಕಣಗಿನಹಾಳದವರಂತೆ ನಾವೇ ಕಟ್ಟಿಕೊಳ್ಳಬೇಕಾದುದೂ ಉಂಟು. ಸಹಕಾರಿ ಸಂಘಗಳು ಈಗ ಊರೂರಿಗಿವೆ. ಅವುಗಳ ಸರ್ವಸಾಧಾರಣ ಸಭೆಗೆ ಹೋಗಿ ಲೆಕ್ಕ ಕೇಳುವ ಪದವೀಧರರು ಎಷ್ಟು ಜನ?

೨೦೨೪ರಲ್ಲಿ ಪ್ರಾದೇಶಿಕ ಅಸಮತೋಲನವನ್ನು ಮತ್ತೆ ಅಳೆಯಲು ಪ್ರೊ. ಎಂ. ಗೋವಿಂದ ರಾವ್ ಅವರ ಅಧ್ಯಕ್ಷತೆಯಲ್ಲಿ ಇನ್ನೊಂದು ಸಮಿತಿ ನೇಮಕವಾಯಿತು. ಸಮಿತಿಗಳು ದಫ್ತರದಲ್ಲಿದ್ದ ಅಂಕಿಗಳನ್ನು ಎಣಿಸಬಲ್ಲವು. ದಫ್ತರಕ್ಕೆ ಬಾರದ ಸಂಗತಿಯನ್ನು ಊರಿನವರೇ ಹೇಳಬೇಕು. ನಮ್ಮ ಕಾಲೇಜಿನ ಅರ್ಥಶಾಸ್ತ್ರ ಮತ್ತು ಇತಿಹಾಸದ ವಿದ್ಯಾರ್ಥಿಗಳು ಕೂಡಿ, ಬರುವ ರಜೆಯಲ್ಲಿ ಹಳೆಯ ಗಡಿಯ ಈಚೆಗೊಂದು ಆಚೆಗೊಂದು ಹಳ್ಳಿಯನ್ನು ಆರಿಸಿಕೊಂಡು, ಹೊಲವೆಷ್ಟು, ಸಾಲವೆಷ್ಟು, ಎಷ್ಟು ಮಕ್ಕಳು ಹತ್ತನೆಯ ಇಯತ್ತೆ ದಾಟಿದರು, ಎಷ್ಟು ಮನೆಗಳಿಗೆ ಬೇಸಿಗೆಯಲ್ಲಿ ಬೀಗ ಬೀಳುತ್ತದೆ ಎಂಬುದನ್ನು ಮನೆಮನೆಗೆ ಹೋಗಿ ಬರೆದು ತರಬೇಕೆಂದು ನನ್ನ ಸೂಚನೆ. ಗುರುಗಳು ಮಾರ್ಗದರ್ಶನ ಮಾಡಿದರೆ ಮುಂದಿನ ವರ್ಷದ ಸಂಚಿಕೆಯಲ್ಲಿ ಆ ಲೆಕ್ಕವನ್ನೇ ಅಚ್ಚು ಮಾಡಬಹುದು. ಆಗ ನಾನು ಈ ಕಾಲೇಜಿನಲ್ಲಿ ಇರುವದಿಲ್ಲ. ಆದರೆ ಹಳ್ಳಿಹಳ್ಳಿ ತಿರುಗಲು ಬರುವದಕ್ಕೆ ಅಡ್ಡಿಯಿಲ್ಲ. ಕೈಜೋಡಿಸುವ ಗೆಳೆಯರು ತಿಳಿಸಬೇಕು.